ಸೊಸೆಯ ಸೈಕಲ್ಲಿಗೆ ಬಂದೋಬಸ್ತು

ನಾನು ಕೆಲಸಕ್ಕೆ ಸೇರುವುದಕ್ಕೆ ನಮ್ಮ ಮನೆಯಲ್ಲಿ ಯಾರ ವಿರೋಧವೂ ಇರಲಿಲ್ಲ. ವಿರೋಧ ಇದ್ದದ್ದು ಕೆಲಸಕ್ಕೆ ಹೋಗುವುದಕ್ಕೆ. ಕೆಲಸವೇ ನಡೆದುಕೊಂಡು ನಮ್ಮ ಪಡಸಾಲೆಗೆ ಬಂದಿದ್ದರೆ ಅತ್ತೆ ಅದನ್ನು ಕೂಡಿಸಿ, ಚಹಾ ಕೊಟ್ಟು, ಉಡಿ ತುಂಬಿ ಕಳಿಸುತ್ತಿದ್ದರು. ಆದರೆ ಅದು ಇದ್ದದ್ದು ಕಲಬುರಗಿಯಲ್ಲಿ, ನಾವು ಇದ್ದದ್ದು ಅಫಜಲಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ನಡುವಿನ ದಾರಿಯೇ ತಕರಾರು.

ಕೆಲಸವೆಂದರೆ ರಕ್ತ, ಮೂತ್ರ ಪರೀಕ್ಷೆ ಮಾಡುವ ಖಾಸಗಿ ಲ್ಯಾಬಿನಲ್ಲಿ ಟೆಕ್ನಿಷಿಯನ್. ಮದುವೆಗೆ ಮೊದಲೇ ಆ ಕೋರ್ಸು ಮುಗಿಸಿದ್ದೆ. ಹನ್ನೊಂದು ವರ್ಷ ಅದರ ಸರ್ಟಿಫಿಕೇಟು ನನ್ನ ಮದುವೆ ಸೀರೆಯ ಕೆಳಗೆ ಮಲಗಿತ್ತು, ನಾನು ಜೋಳದ ರೊಟ್ಟಿ ಬಡಿಯುತ್ತ ಎಚ್ಚರ ಇದ್ದೆ. ಅತ್ತೆಯ ಕೈಕಾಲಿಗೆ ಎಣ್ಣೆ ತಿಕ್ಕುವಾಗ ಬೆರಳು ತಾನಾಗಿ ಅವರ ರಕ್ತನಾಳ ಹುಡುಕುತ್ತಿತ್ತು. ಅತ್ತೆಯ ಎಡಗೈ ನರ ಭಾರಿ ಛಲೋ, ಕಣ್ಣು ಮುಚ್ಚಿ ಸೂಜಿ ಹಾಕಬಹುದು. ಸೊಸೆ ಎಷ್ಟು ಪ್ರೀತಿಯಿಂದ ಒತ್ತುತ್ತಾಳೆಂದು ಅವರು ಓಣಿಗೆಲ್ಲ ಹೇಳಿಕೊಂಡು ಬರುತ್ತಿದ್ದರು. ಮಕ್ಕಳಿಬ್ಬರೂ ಶಾಲೆಗೆ ಹೋಗತೊಡಗಿದ ಮೇಲೆ ಲ್ಯಾಬಿನ ಕೆಲಸ ಸಿಕ್ಕಿತು. ರೊಕ್ಕಕ್ಕಾಗಿ ಹೋಗುತ್ತೇನೆಂದು ಮನೆಯವರಿಗೆ ಹೇಳಿದೆ, ಏಕೆಂದರೆ ಆ ಕಾರಣ ಎಲ್ಲರಿಗೂ ತಿಳಿಯುತ್ತದೆ. ಖರೆ ಹೇಳಬೇಕೆಂದರೆ, ನನಗೆ ಚೆನ್ನಾಗಿ ಬರುವ ಒಂದೇ ವಿದ್ಯೆ ಅತ್ತೆಯ ಮೊಣಕೈಯಲ್ಲಿ ಮುಗಿದುಹೋಗಬಾರದು ಅನ್ನುವ ಹಟ ನನಗಿತ್ತು. ಈ ಕೆಲಸ ತಪ್ಪಿದರೆ ಇನ್ನೊಂದು ಸಿಗುವುದಿಲ್ಲವೆಂಬುದೂ ಗೊತ್ತಿತ್ತು.

ದಾರಿ ಹುಡುಕುವುದಕ್ಕೆ ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಬಸ್ಸು ಹೆಣ್ಣುಮಕ್ಕಳಿಗೆ ಪುಕ್ಕಟೆ. ಆದ್ದರಿಂದಲೇ ಅದು ನಮ್ಮೂರಿಗೆ ಬರುವ ಹೊತ್ತಿಗೆ ಬಾಗಿಲಲ್ಲಿ ಜೋತುಬಿದ್ದವರೇ ಒಂದು ಊರಾಗುವಷ್ಟು ಇರುತ್ತಿದ್ದರು, ಡ್ರೈವರ್ ನಿಲ್ಲಿಸದೆ ಕೈ ಮುಗಿದು ಹೋಗುತ್ತಿದ್ದ. ಗಂಡನ ಮೋಟಾರ್ ಸೈಕಲ್ ಇತ್ತು, ಆದರೆ ಅವನು ಕೆಲಸ ಮಾಡುವ ಗೊಬ್ಬರದ ಅಂಗಡಿ ಅಫಜಲಪುರದಲ್ಲಿ, ಅಂದರೆ ಉಲ್ಟಾ ದಿಕ್ಕಿಗೆ. ಉಳಿದದ್ದು ರೈಲು. ಊರಿಂದ ಗಾಣಗಾಪುರ ರೋಡ್ ಸ್ಟೇಷನ್ನಿಗೆ ಸೈಕಲ್ಲು, ಅಲ್ಲಿಂದ ಸೊಲ್ಲಾಪುರದ ಕಡೆಯಿಂದ ಬೆಳಿಗ್ಗೆ ಬರುವ ಪ್ಯಾಸೆಂಜರ್, ಕಲಬುರಗಿಯಲ್ಲಿ ಇಳಿದು ಸ್ಟೇಷನ್ ಸ್ಟ್ಯಾಂಡಿನಲ್ಲಿಟ್ಟ ಇನ್ನೊಂದು ಸೈಕಲ್ಲು. ಎರಡು ಸೈಕಲ್ಲು, ಒಂದು ರೈಲು, ಯಾರ ಹಂಗೂ ಇಲ್ಲ. ನನಗೆ ನನ್ನ ಬುದ್ಧಿಯ ಮೇಲೇ ಮೆಚ್ಚುಗೆಯಾಯಿತು. ಅದನ್ನು ಗಂಡನಿಗೆ ಹೇಳಿದೆ, ಗಂಡ ಮಾವನಿಗೆ ಹೇಳಿದ, ಅಲ್ಲಿಗೆ ಅದು ನನ್ನ ಪ್ಲ್ಯಾನು ಆಗಿ ಉಳಿಯಲಿಲ್ಲ.

ಮಾವ ಮಾತು ಕಡಿಮೆಯ ಮನುಷ್ಯ. ಹೊಲ, ವಿಭೂತಿ, ಎಲೆ ಅಡಿಕೆ, ಇಷ್ಟೇ ಅವರ ಸಂಸಾರ. ಅವರು ಹೇಳಿದ್ದು ಒಂದೇ ಮಾತು.

"ಹೋಗ್ಲಿ. ಆದ್ರ ಹೆಣ್ಮಗಳು ಒಬ್ಬಾಕಿನ ಹೋಗೂದಂದ್ರ ಬಂದೋಬಸ್ತ್ ಬೇಕಲ್ಲ."

ಬಂದೋಬಸ್ತಿನ ವಿಚಾರಕ್ಕೆ ಒಂದು ಭಾನುವಾರ ಬೀಗರನ್ನು ಕರೆಸಲಾಯಿತು. ಆಳಂದ ತಾಲ್ಲೂಕಿನ ಹಿರೋಳ್ಳಿಯಿಂದ ನನ್ನ ಅಪ್ಪ ಬಂದರು. ಜೇವರ್ಗಿ ಕಡೆಯ ಇಜೇರಿಯಿಂದ ನಾದಿನಿ ಬಂದಳು. ಮಾವನ ತಮ್ಮ, ನಾವೆಲ್ಲ ಕಾಕಾ ಎನ್ನುವವರು, ಪಕ್ಕದ ಮನೆಯಿಂದಲೇ ಬಂದರು, ಆದರೆ ಎಲ್ಲರಿಗಿಂತ ದೂರದಿಂದ ಬಂದವರ ಗತ್ತಿನಲ್ಲಿ ಲೋಡಿಗೆ ಒರಗಿದರು. ಗೋಡೆಯ ಮೇಲೆ ಶರಣರ ಪಟಗಳಿದ್ದವು. ಹೆಣ್ಣು ಗಂಡು ಒಂದೇ ಎಂದು ನಮ್ಮ ಮನೆಯಲ್ಲಿ ಆ ಪಟಗಳ ಕೆಳಗೆ ಕೂತು ಎಲ್ಲರೂ ಹೇಳುತ್ತಾರೆ. ಅಂದೂ ಹೇಳಿದರು. ನಾನು ಒಳಗೆ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ.

ಅಪ್ಪನಿಗೆ ಮಗಳ ಮೇಲೆ ಅಭಿಮಾನ ಹೆಚ್ಚು, ಸಮಯಪ್ರಜ್ಞೆ ಕಡಿಮೆ. "ಆಕಿದೇನು ಫಿಕರ್ ಮಾಡಬ್ಯಾಡ್ರಿ ಬೀಗರ. ಸಣ್ಣಾಕಿ ಇದ್ದಾಗ ಖಜೂರಿ ರಸ್ತಾದಾಗ ಲಾರಿ ನಡುವ ಸೈಕಲ್ ಹೊಡದಾಳ್ರಿ ನಮ್ಮ ಹುಡುಗಿ" ಎಂದುಬಿಟ್ಟರು. ಹೆಣ್ಣು ನೋಡಲು ಬಂದಾಗ ಈ ಗುಣ ಮುಚ್ಚಿಟ್ಟಿದ್ದರಲ್ಲ ಎಂದು ಅತ್ತೆ ಮನಸ್ಸಿನಲ್ಲೇ ಲೆಕ್ಕ ಹಾಕಿದ್ದು ನನಗೆ ಬಾಗಿಲ ಹಿಂದಕ್ಕೂ ತಿಳಿಯಿತು.

ನಾದಿನಿ ನನ್ನ ಪರವಾಗಿಯೇ ಬಂದವಳು. "ನಮ್ಮ ಇಜೇರ್ಯಾಗ ಹೆಣ್ಮಕ್ಳು ಸ್ಕೂಟಿ ಹೊಡಿತಾರ ಯಪ್ಪಾ, ಏನೂ ಆಗಂಗಿಲ್ಲ" ಅಂದಳು. ಎಲ್ಲರೂ ತನ್ನನ್ನೇ ನೋಡುತ್ತಿರುವುದು ಕಂಡು, "ಆದ್ರ ಅವ್ರು ನಮ್ಮ ಮನಿ ಹೆಣ್ಮಕ್ಳಲ್ಲ ಬಿಡು" ಎಂದು ಸೇರಿಸಿದಳು.

ದಾರಿಯಲ್ಲಿ ಯಾರಾದರೂ ಚುಡಾಯಿಸಿದರೆ? ಅಪರಿಚಿತರು ಮಾತಾಡಿಸಿದರೆ? ಸ್ಟೇಷನ್ನಿನಲ್ಲಿ ದತ್ತನ ದರ್ಶನಕ್ಕೆ ಬರುವ ಮಹಾರಾಷ್ಟ್ರದ ಮಂದಿ ದಾರಿ ಕೇಳಿದರೆ ಇವಳು ಮರಾಠಿಯಲ್ಲಿ ಉತ್ತರ ಕೊಡುತ್ತಾಳೋ ಹೇಗೆ? ಮಹಾರಾಷ್ಟ್ರದ ಗಡಿಯ ಹಿರೋಳ್ಳಿಯವಳಲ್ಲವೇ, ಕೊಟ್ಟೇ ಕೊಡುತ್ತಾಳೆ, ಎಂದು ಅತ್ತೆ ಚಿಂತೆ ಮಾಡಿದರು. ಅಷ್ಟೆಲ್ಲ ಮಾತಿನಲ್ಲಿ ಕಬ್ಬಿನ ಟ್ರ್ಯಾಕ್ಟರಿನ ಹೆಸರನ್ನು ಮಾತ್ರ ಯಾರೂ ಎತ್ತಲಿಲ್ಲ. ನನಗೆ ಇಡೀ ದಾರಿಯಲ್ಲಿ ಭಯವಿದ್ದದ್ದು ಅದೊಂದೇ. ಸೀಜನ್ ಶುರುವಾದರೆ ಒಂದರ ಹಿಂದೆ ಒಂದು ಎರಡು ಟ್ರಾಲಿ ಕಟ್ಟಿ, ರಸ್ತೆಗಿಂತ ಅಗಲಕ್ಕೆ ಕಬ್ಬು ಹೇರಿ, ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ ಹೊರಡುತ್ತವೆ. ಹಾಡು ಎಷ್ಟು ಜೋರಾಗಿ ಹಾಕಿರುತ್ತಾರೆಂದರೆ ಹಿಂದೆ ಯಾರು ಸತ್ತರೂ ಡ್ರೈವರಿಗೆ ಕೇಳಿಸುವುದಿಲ್ಲ. ಗಂಡನನ್ನು ಒಳಗೆ ಕರೆದು ಹೇಳಿಸಿದೆ. ಕಾಕಾ ನಕ್ಕರು.

"ಟ್ರ್ಯಾಕ್ಟರ್ ನಮ್ಮ ಮಂದೀವೇ ಅದಾವಲ್ಲೋ. ಅವ್ರದೇನು ಹೆದರಿಕಿ?"

ಹತ್ತು ಜನ ಸೇರಿದರೆ ಹಾವು ಸಾಯುವುದಿಲ್ಲ ಅನ್ನುತ್ತಾರೆ. ಅವತ್ತು ಹಾವನ್ನು ಯಾರೂ ನೋಡಲೂ ಇಲ್ಲ, ಕೋಲಿನ ಬಗ್ಗೆಯೇ ಮಾತು ಮುಗಿಯಿತು. ಕಾಕಾ ಒಂದು ಸಲ ಎಲೆಕ್ಷನ್ ಬೂತಿನ ಹೊರಗೆ ದಿನವಿಡೀ ನಿಂತು ಪೊಲೀಸ್ ಬಂದೋಬಸ್ತು ಕಂಡವರು. ಅವರೇ ತೀರ್ಮಾನ ಕೊಟ್ಟರು. "ಊರಿಂದ ಟೇಸನ್ ತನಕ ನಮ್ಮ ಹಿರ್ಯಾರು ಅಲ್ಲಲ್ಲಿ ಕುಂದರೂಣು. ಯಾವನರ ಕಣ್ಣೆತ್ತಿ ನೋಡ್ಲಿ, ನೋಡೇ ಬಿಡೂಣು." ಹಣಮಪ್ಪನ ಗುಡಿ ಕಟ್ಟೆಯ ಮೇಲೆ ಕಾಕಾ, ಹಿಟ್ಟಿನ ಗಿರಣಿ ಮುಂದೆ ಅವರ ಗೆಳೆಯರು, ಊರು ದಾಟಿದ ನೇರ ರಸ್ತೆಯಲ್ಲಿ ಬೇವಿನ ಮರದ ಕೆಳಗೆ ಇನ್ನಿಬ್ಬರು ಹಿರಿಯರು, ಹಳ್ಳದ ಪೂಲಿನ, ಅಂದರೆ ಸಣ್ಣ ಸೇತುವೆಯ ಮೇಲೆ, ನಮ್ಮ ಹೊಲದ ಪಕ್ಕ, ಸ್ವತಃ ಮಾವ. ಒಬ್ಬ ಮಂತ್ರಿ ಬಂದರೂ ನಮ್ಮೂರಲ್ಲಿ ಇಷ್ಟು ಬಂದೋಬಸ್ತು ಆಗಿರಲಿಕ್ಕಿಲ್ಲ. ಎಲ್ಲರೂ ಚಹಾ ಕುಡಿದು ಎದ್ದರು.

ನಾನು ನನ್ನ ಬಂದೋಬಸ್ತು ಮಾಡಿಕೊಂಡೆ. ನಾದಿನಿಯ ಮಗಳಿಗೆ ಹಿಂದೆ ಶಾಲೆಯಲ್ಲಿ ಕೊಟ್ಟ ಸೈಕಲ್ಲು ಇಜೇರಿಯ ಅಟ್ಟದ ಕೆಳಗೆ ಧೂಳು ತಿನ್ನುತ್ತಿತ್ತು, ಅದು ಟೆಂಪೋದ ಮೇಲೆ ಭೀಮಾ ನದಿ ದಾಟಿ ಬಂತು. ಅಪ್ಪ ಆಳಂದದಲ್ಲಿ ಹಳೆಯದೊಂದು ಲೇಡೀಸ್ ಸೈಕಲ್ ಹುಡುಕಿ ಲಾರಿಯವನ ಕೈಯಲ್ಲಿ ಕಲಬುರಗಿಗೆ ಕಳಿಸಿದರು. ಬ್ರೇಕಿನ ರಬ್ಬರ್ ಬದಲಿಸಿದೆ. ಸೀರೆ ಸಿಕ್ಕಿಕೊಳ್ಳದ ಹಾಗೆ ಚೈನಿನ ಕವರ್ ಬಿಗಿ ಮಾಡಿಸಿದೆ. ಹಿಂದೆ ಬರುವುದು ಕಾಣಲೆಂದು ಹ್ಯಾಂಡಲ್ಲಿಗೆ ಕನ್ನಡಿ, ಹಿಂದಿನವರಿಗೆ ನಾನು ಕಾಣಲೆಂದು ಕ್ಯಾರಿಯರಿಗೆ ಹೊಳೆಯುವ ಕೆಂಪು ಪಟ್ಟಿ. ನೆರಿಗೆಗೆ ಪಿನ್ನು, ಸೆರಗು ಸೊಂಟಕ್ಕೆ. ಅತ್ತೆ ತಮ್ಮ ಪಾಲಿನ ಸುರಕ್ಷತೆಯಾಗಿ ನಿಂಬೆಹಣ್ಣು ಮೆಣಸಿನಕಾಯಿ ಪೋಣಿಸಿ ತಂದು ಕೆಂಪು ಪಟ್ಟಿಯ ಮೇಲೇ ಕಟ್ಟಿದರು. ಅವರು ಒಳಗೆ ಹೋದ ಮೇಲೆ ಅದನ್ನು ಬಿಚ್ಚಿ ಮುಂದೆ ಕಟ್ಟಿದೆ.

ಮೊದಲನೆಯ ಸೋಮವಾರ ಹೊರಟೆ. ಓಣಿ ದಾಟಿ ಗುಡಿಯ ತಿರುವಿಗೆ ಬಂದೆ. ಕಟ್ಟೆಯ ಮೇಲೆ ಕಾಕಾ, ತಲೆಗೆ ಹೊಸ ಪಟಗ ಸುತ್ತಿಕೊಂಡು, ಮೀಸೆ ತೀಡಿಕೊಂಡು ಕೂತಿದ್ದರು. ನನ್ನ ಕಾಲು ತಾನಾಗಿ ನೆಲಕ್ಕೆ ಬಂತು.

ಇದನ್ನು ಯಾರೂ ಯೋಚಿಸಿರಲಿಲ್ಲ, ನಾನೂ ಯೋಚಿಸಿರಲಿಲ್ಲ. ನಮ್ಮ ಕಡೆ ಹಿರಿಯರು ಕೂತಿರುವಲ್ಲಿ ಸೊಸೆಯಾದವಳು ಸೈಕಲ್ಲಿನ ಮೇಲೆ ಕೂತು ಹಾಯುವಂತಿಲ್ಲ. ಇಳಿಯಬೇಕು. ಸೊಂಟದ ಸೆರಗು ಬಿಚ್ಚಿ ತಲೆಗೆ ಹಾಕಬೇಕು. ಚಪ್ಪಲಿ ಕಳಚಬೇಕು. ಅವರ ಕಣ್ಣಿನಿಂದ ಮರೆಯಾಗುವ ತನಕ ನಡೆಯಬೇಕು. ಇದನ್ನು ಯಾರೂ ಕಲಿಸುವುದಿಲ್ಲ, ಉಸಿರಾಡುವುದನ್ನು ಕಲಿಸುತ್ತಾರೆಯೇ? ಚಪ್ಪಲಿಯನ್ನು ಬುಟ್ಟಿಗೆ ಹಾಕಿ, ಒಂದು ಕೈಯಲ್ಲಿ ಸೈಕಲ್ಲು, ಒಂದು ಕೈಯಲ್ಲಿ ಸೆರಗು ಹಿಡಿದು ಕಾಕಾನನ್ನು ದಾಟಿದೆ. ಮತ್ತೆ ಸೆರಗು ಸಿಕ್ಕಿಸಿ, ಚಪ್ಪಲಿ ಮೆಟ್ಟಿ, ಹತ್ತಿ, ಇನ್ನೂ ಪೆಡಲ್ ಪೂರ್ತಿ ತಿರುಗಿರಲಿಲ್ಲ, ಗಿರಣಿ ಬಂತು. ಇಳಿದೆ. ಊರ ಹೊರಗೆ ಇನ್ನೂ ಫಜೀತಿ. ರಸ್ತೆ ನೇರ, ಆ ಒಂದು ಬೇವು ಬಿಟ್ಟರೆ ಗಿಡ ಮರ ಇಲ್ಲ, ಬೇವಿನ ಮರದ ಕೆಳಗೆ ಕೂತ ಹಿರಿಯರಿಗೆ ನಾನು ಅತ್ತಣಿಂದಲೂ ಕಾಣುತ್ತೇನೆ, ಇತ್ತಣಿಂದಲೂ ಕಾಣುತ್ತೇನೆ. ಅವರ ದೃಷ್ಟಿ ತುಂಬ ಚೆನ್ನಾಗಿತ್ತು, ಇಬ್ಬರಿಗೂ ಹಿಂದಿನ ವರ್ಷವೇ ಕಣ್ಣಿನ ಆಪರೇಷನ್ ಆಗಿತ್ತು. ಅವರ ದೃಷ್ಟಿ ದಾಟುವುದರೊಳಗೆ ಮಾವನ ದೃಷ್ಟಿ ಶುರು. ಊರು ಬಿಟ್ಟಾಗಿನಿಂದ ನಾನು ಸೈಕಲ್ ಹೊಡೆದಿದ್ದಕ್ಕಿಂತ ಸೈಕಲ್ಲನ್ನು ವಾಕಿಂಗಿಗೆ ಕರೆದೊಯ್ದದ್ದೇ ಹೆಚ್ಚು.

ಸ್ಟೇಷನ್ನು ಕಾಣುವ ತಿರುವಿನಲ್ಲಿ ಪ್ಯಾಸೆಂಜರಿನ ಕೊನೆಯ ಡಬ್ಬಿ ಹೋಗುವುದನ್ನು ನೋಡಿದೆ.

ಜೀಪು, ಆಟೋ, ಬಸ್ಸು ಹಿಡಿದು ಲ್ಯಾಬಿಗೆ ಮುಟ್ಟಿದಾಗ ಬಿಸಿಲು ಏರಿತ್ತು. ಬೆಂಚಿನ ಮೇಲೆ ಸಕ್ಕರೆ ಕಾಯಿಲೆಯವರು ಸಾಲಾಗಿ ಕೂತಿದ್ದರು, ರಾತ್ರಿಯಿಂದ ಏನೂ ತಿನ್ನದೆ, ಚಹಾ ಸಹ ಕುಡಿಯದೆ. ಜಗತ್ತಿನಲ್ಲಿ ಯಾರ ಸಿಟ್ಟನ್ನಾದರೂ ಎದುರಿಸಬಹುದು, ಹಸಿದ ಸಕ್ಕರೆ ಕಾಯಿಲೆಯವರ ಸಿಟ್ಟನ್ನಲ್ಲ. ಒಬ್ಬ ಅಜ್ಜ ಕೈ ಚಾಚಿ, "ಲಗೂನ ಚುಚ್ಚವ್ವ, ಇಡ್ಲಿ ಅಂಗಡಿ ಮುಚ್ತದ" ಎಂದು ಗೋಳಾಡಿದರು. ಲ್ಯಾಬಿನ ಒಡತಿ ಡಾಕ್ಟರು ಮೇಡಂ ಅವತ್ತು ಏನೂ ಅನ್ನಲಿಲ್ಲ. ಮರುದಿನವೂ ಹೀಗೇ ಆದಾಗ ಒಳಗೆ ಕರೆದರು.

"ನಿಮ್ಮ ಕೈ ಭಾಳ ಛಲೋ ಅದ. ಆದ್ರ ಕೈ ಇಲ್ಲಿ ಇರಬೇಕಲ್ರಿ? ಇನ್ನೊಮ್ಮೆ ಹಿಂಗಾದ್ರ ನಾ ಬ್ಯಾರೆಯವ್ರನ್ನ ನೋಡ್ಕೋತೀನಿ."

ಮನೆಗೆ ಬಂದಾಗ ಕಾಕಾ ನಮ್ಮ ಪಡಸಾಲೆಯಲ್ಲೇ ಇದ್ದರು. ಎರಡು ದಿನ ಏನೂ ಅನಾಹುತ ಆಗದ್ದಕ್ಕೆ ಅವರಿಗೆ ಪರಮ ತೃಪ್ತಿ. "ನಾವು ಕುಂತಿದ್ದಕ್ಕ ಒಂದು ನಾಯಿ ಸೈತ ಹತ್ರ ಬರಲಿಲ್ಲ ನೋಡು" ಎಂದರು. ನಾಯಿಯೂ ಬರಲಿಲ್ಲ, ರೈಲೂ ಸಿಗಲಿಲ್ಲ. ಗಂಡ, ಇನ್ನಷ್ಟು ಬೇಗ ಹೊರಡು ಅಂದ. ಬೇಗ ಹೊರಟರೆ ಹಿರಿಯರೂ ಬೇಗ ಬಂದು ಕೂರುತ್ತಾರೆ, ಅವರಿಗೇನು ರೊಟ್ಟಿ ಬಡಿಯುವುದಿದೆಯೇ? ನನಗೆ ಸಿಟ್ಟು ನೆತ್ತಿಗೇರಿತ್ತು. ಅಡುಗೆಮನೆಯ ಬಾಗಿಲಿಗೆ ಬಂದು ನಿಂತೆ. ಮಾವ ಎರಡು ಮಾರು ದೂರದಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಮಾವನ ಜೊತೆ ನಾನು ನೇರ ಮಾತಾಡುವ ಪದ್ಧತಿ ಇಲ್ಲ, ನಡುವೆ ಅತ್ತೆ ಇರಬೇಕು. ಅತ್ತೆ ಅವರೇಕಾಯಿ ಸುಲಿಯುತ್ತ ಇದ್ದರು.

"ಅತ್ತೀ, ಮಾವಾರಿಗಿ ಹೇಳ್ರಿ, ಹಿರ್ಯಾರು ಕುಂತ್ರ ನಾ ಇಳೀಬೇಕಾಗ್ತದ. ಇಳದ್ರ ಗಾಡಿ ತಪ್ತದ. ಇನ್ನೊಮ್ಮೆ ಗಾಡಿ ತಪ್ಪಿದ್ರ ಕೆಲಸ ಹೋಗ್ತದ."

ಅತ್ತೆ ಬಾಯಿ ತೆರೆಯುವ ಮೊದಲೇ ಮಾವ ಎಲೆಯನ್ನು ನೋಡುತ್ತಲೇ ಅಂದರು. "ಆಕಿಗಿ ಹೇಳು, ಇಳಿ ಅಂತ ನಾ ಎಂದರ ಅಂದೀನೇನು?"

"ಮಾವಾರಿಗಿ ಹೇಳ್ರಿ, ಇಳೀಬ್ಯಾಡ ಅಂತನೂ ಅಂದಿಲ್ರಿ."

ಅತ್ತೆ ಅವರೇಕಾಯಿ ಸುಲಿಯುವುದನ್ನು ನಿಲ್ಲಿಸಿದರು. ಕಾಕಾ ಕೆಮ್ಮಿದರು. ಮಾವ ಎಲೆ ಮಡಿಸಿ ಬಾಯಿಗಿಟ್ಟು ಎದ್ದು ಹೋದರು. ಮುಗಿಯಿತು ನನ್ನ ಕೆಲಸ ಅಂದುಕೊಂಡೆ. ಇಷ್ಟು ಮಾತಾಡಿದ ಸೊಸೆ ನಾಳೆ ಕಲಬುರಗಿಯಲ್ಲಿ ಇನ್ನೇನು ಮಾತಾಡಿಯಾಳು ಎಂದು ಅವರಿಗೆ ಅನ್ನಿಸಿರಬೇಕು.

ಮರುದಿನ ಗುಡಿಯ ತಿರುವಿಗೆ ಬಂದಾಗ ಕಾಕಾ ಎಂದಿನಂತೆ ಕಟ್ಟೆಯ ಮೇಲೆ ಇದ್ದರು. ಆದರೆ ರಸ್ತೆಗೆ ಬೆನ್ನು ಹಾಕಿ, ಗುಡಿಯ ಗೋಡೆಗೆ ಮುಖ ಮಾಡಿ ಕೂತಿದ್ದರು. ನಾನು ಇಳಿಯಲು ಕಾಲು ಇಟ್ಟವಳು ನಿಂತೆ. ಕಾಕಾ ಗೋಡೆಗೇ ಹೇಳಿದರು. "ಅಣ್ಣಾ ಹೇಳ್ಯಾನ, ಹಿಂಗ ಕುಂದರ್ರಿ ಅಂತ. ನಾವೇನೂ ನೋಡಾಕತ್ತಿಲ್ಲಪ್ಪ."

ಗಿರಣಿಯ ಮುಂದೆ ಮೂರು ಬೆನ್ನು. ಬೇವಿನ ಮರದ ಕೆಳಗೆ ಎರಡು ಬೆನ್ನು. ಹಳ್ಳದ ಪೂಲಿನ ಮೇಲೆ, ಬಿಳಿ ಅಂಗಿಯ ಅಗಲವಾದ ಬೆನ್ನು ನನ್ನ ಮಾವನದು. ನೋಡದಿದ್ದರೆ ಮರ್ಯಾದೆಗೆ ಧಕ್ಕೆ ಇಲ್ಲ, ಕೂತಿದ್ದರೆ ಬಂದೋಬಸ್ತಿಗೆ ಕೊರತೆ ಇಲ್ಲ. ಕಾಯುವವರೆಲ್ಲ ಕಣ್ಣು ತಿರುಗಿಸಿ ಕಾಯುವ ಇಂಥ ವ್ಯವಸ್ಥೆಯನ್ನು ಸರಕಾರ ಬಿಟ್ಟರೆ ನಮ್ಮ ಮಾವನೇ ಕಂಡುಹಿಡಿದಿರಬೇಕು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೇ ಅಷ್ಟೂ ಬೆನ್ನುಗಳ ಹಿಂದೆ ಬೆಲ್ಲು ಬಾರಿಸದೆ ಹಾದುಹೋದೆ. ರೈಲು ಸಿಕ್ಕಿತು, ಮೇಡಂ ನಕ್ಕರು, ಇಡ್ಲಿ ಅಂಗಡಿಗೆ ಅಜ್ಜ ಹೊತ್ತಿಗೆ ಸರಿಯಾಗಿ ಹೋದರು.

ಹೀಗೆ ಎಲ್ಲ ನೆಟ್ಟಗಾಯಿತು. ಸ್ಟೇಷನ್ನಿನ ಚಹಾ ಅಂಗಡಿಯವಳು ತನ್ನ ಗೂಟಕ್ಕೇ ನನ್ನ ಸೈಕಲ್ ಕಟ್ಟಿಸಿಕೊಂಡಳು. ರೈಲಿನಲ್ಲಿ ಕಾಲೇಜು ಹುಡುಗಿಯರು ಜಾಗ ಹಿಡಿದಿಡತೊಡಗಿದರು. ನೋಡಲೇಬಾರದ ಸೊಸೆಯ ಬಗ್ಗೆ ಹಿರಿಯರು ಸಂಜೆ ಮನೆಮನೆಗೆ ವರದಿ ಒಪ್ಪಿಸುತ್ತಿದ್ದರು. ಇವತ್ತು ಚೈನ್ ಸಪ್ಪಳ ಮಾಡುತ್ತಿತ್ತು, ಎಣ್ಣೆ ಹಾಕಿಸಿರಿ. ಇವತ್ತು ಸ್ವಲ್ಪ ಜೋರಾಗಿ ಹೋದಳು. ಬೆನ್ನಿಗೂ ಕಣ್ಣಿರುತ್ತದೆಂದು ನನಗೆ ಆಗ ತಿಳಿಯಿತು.

ಆಮೇಲೆ ಕಬ್ಬಿನ ಸೀಜನ್ ಬಂತು.

ಅವತ್ತು ಮಂಜು ಇತ್ತು. ನಮ್ಮ ಕಡೆ ಮಂಜು ಅಪರೂಪ, ಬಂದರೆ ತೊಗರಿ ಹೊಲದಿಂದ ಎದ್ದು ರಸ್ತೆಯ ಮೇಲೆ ಕೂತುಬಿಡುತ್ತದೆ. ಬೇವಿನ ಮರ ದಾಟಿದ್ದೆ, ಪೂಲಿನ ಮೇಲೆ ಮಾವನ ಬೆನ್ನು ಮಸಕಾಗಿ ಕಾಣುತ್ತಿತ್ತು. ಹಿಂದಿನಿಂದ ಹಾಡು ಕೇಳಿಸಿತು. ಕನ್ನಡಿಯಲ್ಲಿ ನೋಡಿದೆ, ಎರಡು ಟ್ರಾಲಿ ಕಬ್ಬು ರಸ್ತೆಯನ್ನೆಲ್ಲ ತುಂಬಿಕೊಂಡು ಬರುತ್ತಿತ್ತು. ಎಡಕ್ಕೆ ಸರಿದೆ. ಇನ್ನೂ ಸರಿದೆ. ಇಂಜಿನ್ ದಾಟಿತು, ಮೊದಲನೆಯ ಟ್ರಾಲಿ ದಾಟಿತು, ಎರಡನೆಯದು ಓಲಾಡುತ್ತ ಬಂದು ಅದರಿಂದ ಜೋತ ಕಬ್ಬಿನ ತುದಿ ನನ್ನ ಹೆಗಲಿಗೆ ಬಡಿಯಿತು. ನಾನೂ ಸೈಕಲ್ಲೂ ಇಳಿಜಾರಿನಲ್ಲಿ ಉರುಳಿ ಜಾಲಿಯ ಮುಳ್ಳಿಗೆ ಬಿದ್ದೆವು. ನಮ್ಮ ಮಂದಿಯ ಟ್ರ್ಯಾಕ್ಟರು ಹಾಡಿಕೊಳ್ಳುತ್ತ ಮುಂದೆ ಹೋಯಿತು.

ಎದ್ದು ಕೂತೆ. ಮೊಣಕೈ ಒಡೆದು ರಕ್ತ ಬರುತ್ತಿತ್ತು. ಮೇಲೆ ಪೂಲಿನ ಕಟ್ಟೆಯ ಮೇಲೆ, ಕೂಗಿದರೆ ಕೇಳುವುದಿರಲಿ, ಪಿಸುಗುಟ್ಟಿದರೂ ಕೇಳುವಷ್ಟು ಹತ್ತಿರದಲ್ಲಿ, ಮಾವ ಬೆನ್ನು ಹಾಕಿ ಕೂತಿದ್ದರು. ಸಪ್ಪಳ ಕೇಳಿದ್ದರು. ಅರ್ಧ ಎದ್ದದ್ದನ್ನು ನಾನು ನೋಡಿದೆ. ಎದ್ದವರು ಕಟ್ಟೆಯನ್ನು ಎರಡೂ ಕೈಯಿಂದ ಹಿಡಿದು ಮತ್ತೆ ಕೂತರು. ತಿರುಗಿದರೆ ತಲೆಯ ಮೇಲೆ ಸೆರಗಿಲ್ಲದೆ, ಸೀರೆ ಹರಿದು ಬಿದ್ದಿರುವ ಸೊಸೆಯನ್ನು ನೋಡಬೇಕಾಗುತ್ತದೆ.

"ಯಾರೋ ಬಿದ್ದಂಗಾತು" ಎಂದರು ಹಳ್ಳದ ಕಡೆ ನೋಡುತ್ತ.

ನಡುವೆ ಅತ್ತೆ ಇಲ್ಲ. ನಾನು ಸೈಕಲ್ಲಿಗೆ ಹೇಳಿದೆ. "ಏನೂ ಆಗಿಲ್ಲಂತ ಹೇಳ್ರಿ."

"ಬಿದ್ದೋರಿಗಿ ಜಾಸ್ತಿ ಪೆಟ್ಟು ಹತ್ತೇದೇನು?"

"ಇಲ್ಲಂತ ಹೇಳ್ರಿ."

ಮಾವನ ಬೆನ್ನ ಮೇಲಿನ ಅಂಗಿ ಏರುತ್ತ ಇಳಿಯುತ್ತ ಇತ್ತು. "ಹಂಗಾದ್ರ... ಗಾಡಿ ಬರೂ ಹೊತ್ತಾಗೇದ" ಎಂದರು. ದನಿ ಅವರದೇ ಅನ್ನಿಸಲಿಲ್ಲ.

ನನಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಸತ್ತಿದ್ದರೂ ಹೀಗೇ ಬೆನ್ನು ಹಾಕಿ ಹೆಣಕ್ಕೆ ಹೊತ್ತಾಯಿತು ಅನ್ನುತ್ತಿದ್ದರೇನೋ ಎಂದುಕೊಂಡೆ. ಮುಂದಿನ ಗಾಲಿಯನ್ನು ಮೊಣಕಾಲ ನಡುವೆ ಹಿಡಿದು ಸೊಟ್ಟಗಾದ ಹ್ಯಾಂಡಲ್ಲನ್ನು ನೆಟ್ಟಗೆ ಮಾಡಿದೆ, ಅವರ ಬೆನ್ನ ಹಿಂದೆಯೇ ಹತ್ತಿದೆ, ಹೋದೆ. ರೈಲು ಸಿಕ್ಕಿತು. ಬೇರೆಯವರ ರಕ್ತ ತೆಗೆಯುವವಳು ತನ್ನದೇ ತೆಗೆದುಕೊಂಡು ಬಂದಿದ್ದಾಳೆ ಎಂದು ಲ್ಯಾಬಿನಲ್ಲಿ ತಮಾಷೆ ಮಾಡುತ್ತ ಪಟ್ಟಿ ಕಟ್ಟಿದರು. ಅವತ್ತು ಎಷ್ಟೋ ಜನರಿಗೆ ಸೂಜಿ ಹಾಕಿದೆ, ಒಮ್ಮೆಯೂ ನರ ತಪ್ಪಲಿಲ್ಲ. ಸಂಜೆ ರೈಲಿನಲ್ಲಿ ಕಿಟಕಿಯ ಪಕ್ಕ ಕೂತು ಸೀರೆಯಿಂದ ಜಾಲಿಯ ಮುಳ್ಳು ಕೀಳುತ್ತ ಬಂದೆ.

ಮನೆಯಲ್ಲಿ ಎಲ್ಲರಿಗೂ ಸುದ್ದಿ ಮುಟ್ಟಿತ್ತು. ಕಾಕಾ, "ಬಂದೋಬಸ್ತ್ ಇದ್ದುದಕ್ಕ ಇಷ್ಟರಾಗ ಮುಗೀತು" ಎಂದರು. ಗಂಡ ನನ್ನ ಮೊಣಕೈ ಹಿಡಿದು ನೋಡಿ, "ಸಾಕು ಬಿಡಬೇ, ಜೀವಕ್ಕಿಂತ ದೊಡ್ಡದಲ್ಲ ಕೆಲಸ" ಅಂದ. ಅವನ ದನಿಯಲ್ಲಿ ಪ್ರೀತಿಯೇ ಇತ್ತು, ಅದಕ್ಕೇ ಇನ್ನೂ ಹೆದರಿಕೆಯಾಯಿತು. ಸಿಟ್ಟಿನಿಂದ ಬೇಡವೆಂದರೆ ಜಗಳ ತೆಗೆಯಬಹುದು, ಪ್ರೀತಿಯಿಂದ ಬೇಡವೆಂದವರ ಜೊತೆ ಏನು ಜಗಳ? ಮಾವ ಬೆಳಿಗ್ಗೆ ಹೊಲಕ್ಕೂ ಹೋಗದೆ ತಿರುಗಿ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದವರು ಎದ್ದೇ ಇಲ್ಲವೆಂದು, ರೊಟ್ಟಿಯನ್ನು ಮುಟ್ಟಿಲ್ಲವೆಂದು ಅತ್ತೆ ಹೇಳಿದರು. "ನಾಳಿ ಅವ್ರು ಏನಂತಾರೋ ಹಂಗ ಮಾಡೂಣು" ಎಂದೂ ಹೇಳಿದರು. ಏನನ್ನುತ್ತಾರೆಂದು ನನಗೆ ಗೊತ್ತಿತ್ತು. ಸರ್ಟಿಫಿಕೇಟನ್ನು ಮತ್ತೆ ಯಾವ ಸೀರೆಯ ಕೆಳಗೆ ಇಡಲಿ ಎಂದು ಯೋಚಿಸುತ್ತ ಮಲಗಿದೆ.

ಬೆಳಿಗ್ಗೆ ಎದ್ದಾಗ ಮಾವನ ಹಾಸಿಗೆ ಖಾಲಿ ಇತ್ತು. ಏನೂ ಹ್ಞೂಂ ಹ್ಞಾಂ ಅಂದಿರಲಿಲ್ಲವಾದ್ದರಿಂದ ನಾನು ಡಬ್ಬಿ ಕಟ್ಟಿಕೊಂಡೆ, ಸೈಕಲ್ ತೆಗೆದೆ. ತಡೆಯುವವರು ತಡೆಯಲಿ, ನಾನಾಗಿ ನಿಲ್ಲುವುದಿಲ್ಲ ಅಂದುಕೊಂಡೆ. ಗುಡಿಯ ಕಟ್ಟೆಯ ಮೇಲೆ ಕಾಕಾನ ಬೆನ್ನು ಇತ್ತು. ಗಿರಣಿಯ ಬೆನ್ನುಗಳು, ಬೇವಿನ ಮರದ ಬೆನ್ನುಗಳು ಇದ್ದವು. ಮುಂದೆ ಹಳ್ಳದ ಪೂಲು ಬಂತು. ಅಲ್ಲಿ ಬೆನ್ನು ಇರಲಿಲ್ಲ.

ಮಾವ ರಸ್ತೆಯ ನಟ್ಟನಡುವೆ ನಿಂತಿದ್ದರು. ನನ್ನ ಕಡೆ ಮುಖ ಮಾಡಿ. ಅವರ ಹಿಂದೆ ಪೂಲಿನ ಮೇಲೆ ಕಬ್ಬು ಇಳಿಸಿ ತಿರುಗಿ ಬರುವ ಟ್ರ್ಯಾಕ್ಟರೊಂದು ಇಂಜಿನ್ ಗುರುಗುಡಿಸುತ್ತ ನಿಂತಿತ್ತು, ಅದರ ಹಿಂದೆ ಇನ್ನೊಂದು. ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ, "ಗೌಡ್ರ, ಬಾಜೂ ಸರೀರಿ" ಎಂದು ಕೂಗುತ್ತಿದ್ದ. ಮಾವ ಹೆಗಲಿನ ಟವೆಲ್ಲನ್ನು ಎಡಗೈಯಲ್ಲಿ, ನಿಲ್ಲು ಎಂಬಂತೆ, ಹಿಂದಕ್ಕೆ ಹಿಡಿದು, ಅವನ ಕಡೆ ತಿರುಗದೆ ನಿಂತೇ ಇದ್ದರು.

ಹಿರಿಯರು, ಎದುರಿಗೆ, ಕಣ್ಣು ಬಿಟ್ಟುಕೊಂಡು. ನನ್ನ ಕೈ ಬ್ರೇಕು ಹಿಡಿಯಿತು. ಒಂದು ಕಾಲು ಪೆಡಲ್ ಬಿಟ್ಟಿತು. ಕೈ ಸೊಂಟದ ಸೆರಗಿಗೆ ಹೋಯಿತು.

"ಇಳೀಬ್ಯಾಡ!"

ಹನ್ನೊಂದು ವರ್ಷದಲ್ಲಿ ಮಾವ ನನಗೇ ಆಡಿದ ಮೊದಲ ಮಾತು ಅದು. ನಡುವೆ ಅತ್ತೆ ಇರಲಿಲ್ಲ, ಗೋಡೆ ಇರಲಿಲ್ಲ. ಟ್ರ್ಯಾಕ್ಟರಿನ ಸಪ್ಪಳದ ಮೇಲೆ ಕೇಳಲೆಂದು ಹೊಲದಲ್ಲಿ ಎತ್ತುಗಳನ್ನು ಕೂಗುವ ಹಾಗೆ ಕೂಗಿದರು.

"ಇಳೀಬ್ಯಾಡಬೇ ಯವ್ವಾ! ನಾ ನೋಡ್ತೀನಿ. ಗಾಡಿ ಬಂತು, ತುಳಿ!"

ನಾನು ಇಳಿಯಲಿಲ್ಲ. ತಲೆಯ ಮೇಲೆ ಸೆರಗಿಲ್ಲದೆ, ಸೈಕಲ್ಲಿನ ಮೇಲೆ ಕೂತೇ, ಅವರ ಪಕ್ಕದಿಂದ, ನಿಲ್ಲಿಸಿದ ಟ್ರ್ಯಾಕ್ಟರುಗಳ ಪಕ್ಕದಿಂದ ಹಾದೆ. ಹಾಯುವಾಗ ಅವರ ಮುಖ ನೋಡಿದೆ. ಇಷ್ಟು ವರ್ಷ ಅವರ ಪಾದ ನೋಡಿದ್ದೆ, ಇತ್ತೀಚೆಗೆ ಬೆನ್ನು ನೋಡಿದ್ದೆ. ಕಣ್ಣು ಕೆಂಪಗೆ ಬಾತಿದ್ದವು, ವಿಭೂತಿ ಹಚ್ಚುವುದನ್ನು ಮರೆತಿದ್ದರು, ಬಿಳಿ ಗಡ್ಡದ ಗದ್ದ ಸಣ್ಣ ಮಕ್ಕಳದ್ದರ ಹಾಗೆ ಅದುರುತ್ತಿತ್ತು. ಮುದುಕ ರಾತ್ರಿಯಿಡೀ ಅತ್ತಿದ್ದ. ಅಲ್ಲಿಂದ ಸ್ಟೇಷನ್ ಮುಟ್ಟುವವರೆಗೂ ನನಗೆ ರಸ್ತೆ ಸರಿಯಾಗಿ ಕಾಣಲಿಲ್ಲ. ಸೈಕಲ್ ಹೊಡೆಯುವವರಿಗೆ ಅದು ಸ್ವಲ್ಪವೂ ಸೇಫ್ ಅಲ್ಲ.